ಮೊದಲು ಸಪ್ಲೈ ನೋಡು

ಅರಸೀಕೆರೆ,
ಭಾನುವಾರ

ಚಿ. ಪುಟ್ಟಿ,

ನೀನು ಮೊಬೈಲಿಗೆ ಕಳಿಸಿದ ಪಟ್ಟಿ ಬುಧವಾರವೇ ಬಂತು. "ನೋಡಿ ಹೇಳಿ ದೊಡ್ಡಪ್ಪ, ಮುಂದಿನ ಶನಿವಾರ ಎಸ್.ಪಿ. ರೋಡಿಗೆ ಹೋಗ್ತಿದೀವಿ" ಅಂತ ಬರೆದಿದ್ದೆ. ಅಲ್ಲೇ ಎರಡು ಸಾಲು ಉತ್ತರ ಹಾಕಬಹುದಿತ್ತು. ಆದರೆ ಹೇಳಬೇಕಾದ್ದು ಎರಡು ಸಾಲಿನದಲ್ಲ. ಅದರಲ್ಲಿ ಒಂದು ಮಾತಂತೂ ಇಪ್ಪತ್ತು ವರ್ಷದಿಂದ ನನ್ನೊಳಗೇ ಉಳಿದುಬಿಟ್ಟಿದೆ. ಅದಕ್ಕೇ ಕಾಗದ ಹಿಡಿದು ಕೂತೆ. ನಾಳೆ ನಿಮ್ಮ ದೊಡ್ಡಮ್ಮ ಕಡೂರಿಗೆ ಬರುತ್ತಾಳೆ, ಕೊಬ್ಬರಿ ಮಿಠಾಯಿ ಡಬ್ಬಿಯ ಜೊತೆ ಇದನ್ನೂ ಕೊಡುತ್ತಾಳೆ. ಮಿಠಾಯಿ ಆಮೇಲೆ ತಿನ್ನು, ಇದನ್ನು ಮೊದಲು ಓದು.

ಎರಡು ವರ್ಷ ಸಂಜೆ ಹೊತ್ತು ಮಕ್ಕಳಿಗೆ ಮನೆಪಾಠ ಹೇಳಿ 58,000 ರೂಪಾಯಿ ಕೂಡಿಟ್ಟಿದ್ದೀಯ. ಅದು ಸಣ್ಣ ಮಾತಲ್ಲ ಮಗಳೇ. ಅದಕ್ಕಿಂತಲೂ ನನಗೆ ಹಿಡಿಸಿದ್ದು ನಿನ್ನ ನೇರ ಮಾತು. "ಓದೋಕಲ್ಲ ದೊಡ್ಡಪ್ಪ, ಗೇಮ್ ಆಡೋಕೇ ತಗೊಳ್ತಿರೋದು" ಅಂದೆಯಲ್ಲ. ನಿಮ್ಮಪ್ಪ ಫೋನ್ ಮಾಡಿ ಗೊಣಗಿದ, ಕೊನೆಯ ವರ್ಷದ ಪರೀಕ್ಷೆ ಇಟ್ಟುಕೊಂಡು ಇದೇನು ಅಂತ. "ದುಡಿದವಳು ಅವಳು, ಆಡಲಿ ಬಿಡೋ" ಅಂದೆ. ಅವನಿಗೆ ಆಶ್ಚರ್ಯವಾಗಿರಬೇಕು. ಆಟ ಅಂದರೆ ಸಿಡುಕುತ್ತಿದ್ದ ಅಣ್ಣನನ್ನು ನೋಡಿ ಬೆಳೆದವನು ಅವನು.

ನಾನು ಬಸ್‌ಸ್ಟ್ಯಾಂಡಿನ ಹಿಂದೆ ಟೀವಿ ರಿಪೇರಿ ಅಂಗಡಿ ಇಟ್ಟಿದ್ದು ನಿನಗೆ ಗೊತ್ತು, ಆದರೆ ನೀನು ನೋಡುವ ಹೊತ್ತಿಗೆ ಅದು ಮುಚ್ಚುವ ಸ್ಥಿತಿಗೆ ಬಂದಿತ್ತು. 1987ರಲ್ಲಿ ರಾಮಾಯಣ ಶುರುವಾದಾಗ ನೋಡಬೇಕಿತ್ತು. ಶನಿವಾರ ಸಂಜೆಯಾದರೆ ಸೈಕಲ್ಲಿನ ಕ್ಯಾರಿಯರಿಗೆ ಕಂಬಳಿ ಹಾಸಿ, ಅದರ ಮೇಲೆ ಟೀವಿ ಕಟ್ಟಿಕೊಂಡು ಸುತ್ತಲ ಹಳ್ಳಿಯವರು ಬರೋರು. ಭಾನುವಾರ ಬೆಳಿಗ್ಗೆಯೊಳಗೆ ಆಗಬೇಕು, ಇಲ್ಲದಿದ್ದರೆ ಇಡೀ ಬೀದಿಯವರು ನಮ್ಮನ್ನು ಬೈತಾರೆ ಸ್ವಾಮಿ, ಅನ್ನೋರು. ರಾತ್ರಿ ಎರಡರ ತನಕ ಸೋಲ್ಡರಿಂಗ್ ಹೊಗೆಯಲ್ಲೇ ಕೂತಿರುತ್ತಿದ್ದೆ.

ಬಂದ ಸೆಟ್ಟುಗಳಲ್ಲಿ ಹತ್ತಕ್ಕೆ ಆರರಲ್ಲಿ ಕೆಟ್ಟಿರುತ್ತಿದ್ದದ್ದು ಒಂದೇ, ಪವರ್ ಸಪ್ಲೈ ಸೆಕ್ಷನ್ನು. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಊರಿನ ಲೈನಿನಲ್ಲಿ 230 ಇರಬೇಕಾದ ವೋಲ್ಟೇಜು 160ಕ್ಕೆ ಇಳಿಯುತ್ತಿತ್ತು. ಪಂಪುಗಳು ನಿಂತ ಕೂಡಲೇ ಎಗರುತ್ತಿತ್ತು. ಆ ಹೊಡೆತವನ್ನೆಲ್ಲ ಮೊದಲು ತಿನ್ನುವುದು ಸಪ್ಲೈ. ತಿಪಟೂರಿನಲ್ಲಿ ನನಗೆ ಕೆಲಸ ಕಲಿಸಿದ ಗುರುಗಳು, ಸೆಟ್ಟಿನ ಹಿಂಬದಿ ಮುಚ್ಚಳ ತೆಗೆಯುವ ಮೊದಲೇ, "ಚಿತ್ರ ಆಮೇಲೆ, ಶಬ್ದ ಆಮೇಲೆ, ಮೊದಲು ಸಪ್ಲೈ ನೋಡೋ" ಅನ್ನೋರು. ಅವರ ಮೇಜಿನ ಮೇಲೆ ಸೀರೀಸ್ ಲ್ಯಾಂಪ್ ಇತ್ತು. ಅಂದರೆ ನೂರು ವಾಟಿನ ಬಲ್ಬೊಂದನ್ನು ಕರೆಂಟಿಗೂ ಸೆಟ್ಟಿಗೂ ನಡುವೆ ಸರಣಿಯಲ್ಲಿ ಕೂರಿಸಿದ್ದು. ಸೆಟ್ಟಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಭಗ್ಗನೆ ಪೂರ್ತಿ ಉರಿಯುತ್ತದೆ, ಹೆಚ್ಚಿನ ಕರೆಂಟನ್ನು ತಾನೇ ತಡೆದುಕೊಳ್ಳುತ್ತದೆ, ಸೆಟ್ಟಿಗೆ ಏನೂ ಆಗುವುದಿಲ್ಲ. ಸೆಟ್ಟು ಸರಿಯಿದ್ದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗುತ್ತದೆ. ಆ ಬಲ್ಬನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮಣ್ಣನ, ಅಂದರೆ ನನ್ನ ಮಗನ, ಕಂಪ್ಯೂಟರಿನ ವಿಷಯ. 2004ರಲ್ಲಿ ಅವನು ಡಿಪ್ಲೊಮಾ ಸೇರಿದಾಗ "ಓದೋಕೆ ಬೇಕು" ಅಂದ. ಆ ಹೊತ್ತಿಗೆ ಕಂಡೆನ್ಸರು, ಐಸಿ ತರಲು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಅದೇ ನಿನ್ನ ಎಸ್.ಪಿ. ರೋಡಿಗೆ, ಹೋಗುವುದು ನನಗೆ ಹಳೇ ರೂಢಿ. ನಾನೇ ಹೋಗಿ ಒಂದೊಂದೇ ಭಾಗ ಆರಿಸಿದೆ. ಪ್ರೊಸೆಸರು ಪೆಂಟಿಯಂ 4. ಅದಕ್ಕೇ ದುಡ್ಡು ಸುರಿದೆ, ಯಾರಾದರೂ ಕೇಳಿದರೆ ಹೇಳುವಂತಿರಬೇಕು ಅಂತ. ಕೊನೆಯಲ್ಲಿ ಕ್ಯಾಬಿನೆಟ್ಟು ಕೊಂಡಾಗ ಅಂಗಡಿಯವನು, "ಎಸ್‌ಎಂಪಿಎಸ್ ಇದರೊಳಗೇ ಇದೆ ಸಾರ್, ಫ್ರೀ" ಅಂದ. ಮೇಲೆ 450 ವಾಟ್ ಅಂತ ಚೀಟಿ ಅಂಟಿಸಿತ್ತು. ಎಸ್‌ಎಂಪಿಎಸ್ ಅಂದರೆ ಮತ್ತೇನಲ್ಲ, ಅದೇ ನಮ್ಮ ಪವರ್ ಸಪ್ಲೈ. ಇಪ್ಪತ್ತು ವರ್ಷ ಸಪ್ಲೈಗಳನ್ನೇ ಬಿಚ್ಚಿ ಜೋಡಿಸಿ ಅನ್ನ ತಿಂದ ನಾನು ಆವತ್ತು ಆ ಡಬ್ಬಿಯನ್ನು ಕೈಯಲ್ಲಿ ಎತ್ತಿ ತೂಕ ಕೂಡ ನೋಡಲಿಲ್ಲ.

ನಿಮ್ಮಣ್ಣನಿಗೆ ಬೇಕಿದ್ದದ್ದು ಓದಿಗಲ್ಲ, ರೇಸಿನ ಆಟಕ್ಕೆ. ಅದನ್ನು ನನ್ನೆದುರು ಬಾಯಿಬಿಟ್ಟು ಹೇಳುವ ಹಾಗೆ ನಾನು ಅವನನ್ನು ಇಟ್ಟುಕೊಂಡಿರಲಿಲ್ಲ. ಬಸ್ಸಿನ ದುಡ್ಡು ಉಳಿಸಿ, ಹಬ್ಬಕ್ಕೆ ಕೊಟ್ಟದ್ದು ಕೂಡಿಸಿ, ಒಂದು ಗ್ರಾಫಿಕ್ಸ್ ಕಾರ್ಡು ತಂದು ನನಗೆ ಗೊತ್ತಿಲ್ಲದ ಹಾಗೆ ಕೂರಿಸಿಕೊಂಡ. 2006ರ ಏಪ್ರಿಲ್, ಭರಣಿ ಮಳೆಗೆ ಮೊದಲಿನ ಗುಡುಗಿನ ಸಂಜೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಒಳಕೋಣೆಯಿಂದ 'ಟಪ್' ಅಂತ ಶಬ್ದ. ನಾನು ಓಡಿ ಹೋದೆ. ಮೀನು ಕೊಳೆತಂಥ ವಾಸನೆ. ಅದು ಕಂಡೆನ್ಸರು ಒಡೆದ ವಾಸನೆ ಅಂತ ಬಾಗಿಲಲ್ಲೇ ಗೊತ್ತಾಯಿತು. ಬೋರ್ಡು ಹೋಗಿತ್ತು, ಕಾರ್ಡು ಹೋಗಿತ್ತು, ಹಾರ್ಡ್ ಡಿಸ್ಕೂ ಹೋಗಿತ್ತು. ಕಾರ್ಡು ಕಣ್ಣಿಗೆ ಬಿದ್ದದ್ದೇ ತಡ, ಹುಡುಗನಿಗೆ ಬಾಯಿಗೆ ಬಂದಂತೆ ಬೈದೆ. ಎಲ್ಲ ಅವನ ಆಟದಿಂದಲೇ ಆಗಿದ್ದು ಅಂತ.

ರಾತ್ರಿ ಊಟವಾದ ಮೇಲೆ ಅಂಗಡಿಗೆ ಹೋಗಿ ಆ ಡಬ್ಬಿ ಬಿಚ್ಚಿದೆ. ಕರೆಂಟು ಒಳಬರುವ ಜಾಗದಲ್ಲಿ ಫಿಲ್ಟರ್ ಕಾಯಿಲ್ ಕೂರಬೇಕು, ಬೋರ್ಡಿನ ಮೇಲೆ ಅದರ ಗುರುತು ಕೂಡ ಅಚ್ಚಾಗಿತ್ತು. ಅಲ್ಲಿ ಕಾಯಿಲ್ ಇರಲಿಲ್ಲ. ಅದರ ಬದಲು ಎರಡು ತುಂಡು ತಂತಿ ಬೆಸೆದಿದ್ದರು. ಹೆಬ್ಬೆರಳಿಗಿಂತ ದಪ್ಪ ಇರಬೇಕಾದ ಕಂಡೆನ್ಸರುಗಳು ಕಿರುಬೆರಳಿನಷ್ಟಿದ್ದವು. ಟ್ರಾನ್ಸಿಸ್ಟರನ್ನು ತಣಿಸುವ ಅಲ್ಯೂಮಿನಿಯಂ ತಗಡು ಹಪ್ಪಳದಷ್ಟು ತೆಳು. ಅದು 450 ವಾಟ್ ಕೊಡುವ ಮಾತಿರಲಿ, ಅದರ ಅರ್ಧವನ್ನು ಒಂದು ಗಂಟೆ ಎಡೆಬಿಡದೆ ಕೊಟ್ಟಿದ್ದರೂ ಸುಡುತ್ತಿತ್ತು. ತಪ್ಪು ಹುಡುಗನದಲ್ಲ, ನನ್ನದು. ಬೆಳಿಗ್ಗೆ ಅವನಿಗೆ ಹಾಗೆಂದು ಹೇಳಬೇಕಿತ್ತು. ಹೇಳಿದ್ದು ಮೂರು ವರ್ಷ ಬಿಟ್ಟು, ಅವನು ಕೆಲಸಕ್ಕೆ ಊರು ಬಿಡುವ ದಿನ.

ಇನ್ನು ನನ್ನೊಳಗೆ ಉಳಿದ ಮಾತು. ನೀನು ಐದಾರು ವರ್ಷದವಳಿದ್ದಾಗ ಕೇಳಿದ್ದೆ, ಅಜ್ಜಿ ಜೊತೆ ನನ್ನದೊಂದೂ ಫೋಟೋ ಯಾಕಿಲ್ಲ ದೊಡ್ಡಪ್ಪ ಅಂತ. ಆವತ್ತು ಕ್ಯಾಮೆರಾ ಕೆಟ್ಟಿತ್ತು ಕಂದ, ಅಂದಿದ್ದೆ. ಕ್ಯಾಮೆರಾ ಕೆಟ್ಟಿರಲಿಲ್ಲ. 2005ರಲ್ಲಿ ನಿನ್ನ ನಾಮಕರಣದ ದಿನ ಸ್ನೇಹಿತರ ಡಿಜಿಟಲ್ ಕ್ಯಾಮೆರಾ ತಂದು ನಾನೇ ತೆಗೆದಿದ್ದೆ. ಅಜ್ಜಿ ಗೋಡೆಗೆ ಒರಗಿ ಕಾಲು ನೀಡಿ ಕೂತು, ನಿನ್ನನ್ನು ಕಾಲಿನ ಮೇಲೆ ಮಲಗಿಸಿಕೊಂಡು, ನಿನ್ನ ಮುಷ್ಟಿಯೊಳಗೆ ತನ್ನ ಬೆರಳು ಕೊಟ್ಟಿದ್ದಳು. ಎಲ್ಲವನ್ನೂ ಆ ಕಂಪ್ಯೂಟರಿಗೆ ಹಾಕಿ ಕ್ಯಾಮೆರಾ ಖಾಲಿ ಮಾಡಿ ವಾಪಸು ಕೊಟ್ಟೆ. ಬೇರೆಲ್ಲೂ ಇಡಲಿಲ್ಲ, ಪ್ರಿಂಟೂ ಹಾಕಿಸಲಿಲ್ಲ. ಆ ವರ್ಷದ ಕಾರ್ತಿಕದಲ್ಲಿ ಅಜ್ಜಿ ಹೋದಳು. ಏಪ್ರಿಲ್‌ನಲ್ಲಿ ಡಿಸ್ಕು ಹೋಯಿತು. ನಿನಗೆ ಸುಳ್ಳು ಹೇಳಿದ್ದೆ ಪುಟ್ಟಿ. ಈಗ ನೀನೇ ಕಂಪ್ಯೂಟರು ಕೊಳ್ಳಲು ಹೊರಟಾಗ ಅದನ್ನು ಮುಚ್ಚಿಟ್ಟು ಸಲಹೆ ಹೇಳಲು ಮನಸ್ಸು ಒಪ್ಪಲಿಲ್ಲ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಚೆನ್ನಾಗಿ ಓದಿಕೊಂಡೇ ಮಾಡಿದ್ದೀಯ. ರೈಜನ್ 5 5600 ಪ್ರೊಸೆಸರು, ಆರ್‌ಎಕ್ಸ್ 6600 ಕಾರ್ಡು, 8 ಜಿಬಿಯ ಎರಡು ರ‍್ಯಾಮ್. ಒಂದೇ 16ರ ಕಡ್ಡಿ ಹಾಕದೆ ಎರಡು 8 ಹಾಕಿದ್ದು ಜಾಣತನ, ಎರಡು ದಾರಿಯಲ್ಲಿ ಒಟ್ಟಿಗೆ ಓಡಾಟ ನಡೆಯುತ್ತದೆ. ಎಎಂ4 ಸಾಕೆಟ್ಟು ಹಳೆಯದಾಯಿತಲ್ಲ, 2022ರಲ್ಲೇ ಎಎಂ5 ಬಂತಲ್ಲ ಅಂತ ಯಾರಾದರೂ ಹೀಯಾಳಿಸಿದರೆ ತಲೆ ಕೆಡಿಸಿಕೊಳ್ಳಬೇಡ. ಹೊಸದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಬೋರ್ಡೂ ದುಬಾರಿ, ನಿನ್ನ ಕೈಯಲ್ಲಿರುವ ದುಡ್ಡಿಗೆ ಇದೇ ಸರಿ. ನಿಮ್ಮಪ್ಪನ ಹಳೇ ಮಾನಿಟರು 1080ರದ್ದು. ಆ ಅಳತೆಯ ಪರದೆಗೆ ಈ ಕಾರ್ಡು ಸಾಕಾಗುತ್ತದೆ. ವ್ಯಾಲೊರಂಟ್ ಆಟ ಅದಕ್ಕೆ ಲೆಕ್ಕಕ್ಕೇ ಇಲ್ಲ, ರೆಡ್ ಡೆಡ್ ರಿಡೆಂಪ್ಷನ್ 2 ಕೂಡ ಚೆನ್ನಾಗೇ ಓಡುತ್ತದೆ.

ಪಟ್ಟಿಯ ಕೊನೆಯ ಎರಡು ಸಾಲು ನೋಡಿ ಮಾತ್ರ ನನ್ನ ಎದೆ ಧಸಕ್ಕೆಂದಿತು. ಗಾಜಿನ ಕ್ಯಾಬಿನೆಟ್ಟು, ನಾಲ್ಕು ಬಣ್ಣದ ಫ್ಯಾನು, 5,800. ಎಸ್‌ಎಂಪಿಎಸ್ 500 ವಾಟ್, 1,200. ಮಗಳೇ, ಇಪ್ಪತ್ತು ವರ್ಷ ಕಳೆದರೂ ಅದೇ ಜಾಗ, ಅದೇ ತಪ್ಪು.

ನೀನು ಕಳಿಸಿದ ಆ ಡಬ್ಬಿಯ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ದಪ್ಪಕ್ಷರದಲ್ಲಿ 500 ಅಂತಿದೆ. ಅದರ ಕೆಳಗೆ ಸಣ್ಣ ಅಕ್ಷರದ ಕೋಷ್ಟಕ ಇದೆಯಲ್ಲ, ಓದಬೇಕಾದ್ದು ಅದನ್ನು. ಅಲ್ಲಿ +12V ಅನ್ನುವ ಕಡೆ 18A ಅಂತಿದೆ. ಹನ್ನೆರಡು ಹದಿನೆಂಟ್ಲೆ 216. ಈ ಕಾಲದ ಕಂಪ್ಯೂಟರಿನಲ್ಲಿ ಪ್ರೊಸೆಸರು, ಕಾರ್ಡು ಎರಡೂ ಕುಡಿಯುವುದು ಹೆಚ್ಚುಕಡಿಮೆ ಪೂರ್ತಿ ಆ ಹನ್ನೆರಡು ವೋಲ್ಟಿನ ಗೆರೆಯಿಂದಲೇ. ಉಳಿದ ವಾಟುಗಳನ್ನೆಲ್ಲ ಬೇರೆ ಗೆರೆಗಳಲ್ಲಿ ಕೂಡಿಸಿ 500 ತೋರಿಸಿದ್ದಾರೆ, ನಿನಗೆ ಅವು ಉಪಯೋಗಕ್ಕಿಲ್ಲ. ನಿನ್ನ ಕಾರ್ಡಿಗೆ 132 ವಾಟ್ ಬೇಕು. 5600ರ ಮೇಲೆ 65 ಅಂತ ಬರೆದಿದ್ದರೂ ಪೂರ್ತಿ ದುಡಿಸಿದಾಗ 76ರ ತನಕ ಹೋಗುತ್ತದೆ. ಎರಡೂ ಸೇರಿ 208. ಫ್ಯಾನುಗಳು, ಎಸ್‌ಎಸ್‌ಡಿ, ಬೋರ್ಡು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಂದರೆ ಮೊದಲನೇ ದಿನದಿಂದಲೇ ಎತ್ತಿನ ಮೇಲೆ ಹೊರಲಾರದಷ್ಟು ಹೇರಿದ ಹಾಗೆ. ಅದರ ಮೇಲೆ ಆ 18 ಆಂಪಿಯರೂ ನಿಜ ಅಂತ ಯಾರು ಕಂಡರು?

ಇನ್ನೊಂದು ನೋಡು. ಆ ಕಾರ್ಡಿಗೆ ನೇರವಾಗಿ 8 ಪಿನ್ನಿನ ಒಂದು ವೈರು ಸಪ್ಲೈಯಿಂದ ಬರಬೇಕು. ಈ ಡಬ್ಬಿಯಲ್ಲಿ ಅದು ಇರುವಂತೆ ಕಾಣಲಿಲ್ಲ. ಅಂಗಡಿಯಲ್ಲಿ, "ಪರವಾಗಿಲ್ಲ, ಕನ್ವರ್ಟರ್ ಕೊಡ್ತೀವಿ" ಅನ್ನುತ್ತಾರೆ. ಹಾರ್ಡ್ ಡಿಸ್ಕಿಗೆ ಇಟ್ಟ ಹಳೇ 4 ಪಿನ್ನಿನ ಪ್ಲಗ್ಗನ್ನು 8 ಪಿನ್ನಿಗೆ ಬದಲಾಯಿಸುವ ಗಿಡ್ಡ ವೈರು ಅದು. ಪ್ಲಾಸ್ಟಿಕ್ಕು ಕರಗಿ ಕಪ್ಪಾದ ಅಂಥ ವೈರುಗಳನ್ನು ನಾನು ಕೈಯಾರೆ ಕಿತ್ತಿದ್ದೇನೆ. ಕೊಟ್ಟರೂ ತಗೋಬೇಡ.

ನಾನು ಕೇಳುವುದು ಇಷ್ಟೇ ಪುಟ್ಟಿ. ಆ 1,200ರ ಡಬ್ಬಿ ಬಿಟ್ಟುಬಿಡು. ಹೆಸರಿರುವ ಕಂಪನಿಯ, 5 ವರ್ಷದ ವಾರಂಟಿ ಇರುವ, 80 ಪ್ಲಸ್ ಬ್ರಾಂಜ್ ಗುರುತಿನ 550 ವಾಟಿನ ಎಸ್‌ಎಂಪಿಎಸ್ ತಗೋ. ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಅಷ್ಟು ಎಲ್ಲಿಂದ ಅಂತೀಯ? ಮೂರು ಸಾವಿರಕ್ಕೆ ಮುಂದುಗಡೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ಟು ಬರುತ್ತದೆ. ಗಾಜಿನದರಲ್ಲಿ ಉಳಿಯುವ 2,800ಕ್ಕೆ ಈ 1,200 ಸೇರಿಸು, ನಾಲ್ಕು ಸಾವಿರವಾಯಿತು. ಮನೆಯಿಂದ ಒಂದು ರೂಪಾಯಿ ಹೆಚ್ಚು ತರಬೇಕಿಲ್ಲ. ಕಡೂರಿನ ಏಪ್ರಿಲ್ ಬಿಸಿಲಿಗೆ ಮುಂದೆಲ್ಲ ಗಾಜು ಮುಚ್ಚಿದ ಪೆಟ್ಟಿಗೆಗಿಂತ ಗಾಳಿಯಾಡುವ ಜಾಲರಿಯೇ ವಾಸಿ, ಧೂಳು ಬಂದರೆ ತಿಂಗಳಿಗೊಮ್ಮೆ ಬ್ರಷ್ ಆಡಿಸಿದರಾಯಿತು. ಬಣ್ಣದ ದೀಪ ನಿನಗೆ ಇಷ್ಟ ಅಂತ ನನಗೆ ಗೊತ್ತು. ನಿನ್ನ ವಯಸ್ಸಿನಲ್ಲಿ ನಾನೂ ರೇಡಿಯೋಗೆ ಹಸಿರು ದೀಪ ಹಾಕಿಕೊಂಡಿದ್ದೆ. ದೀಪದ ಫ್ಯಾನುಗಳನ್ನು ಮುಂದಿನ ಯುಗಾದಿಗೆ ನಾನು ಕೊಡಿಸುತ್ತೇನೆ.

80 ಪ್ಲಸ್ ಅನ್ನುವುದು 2004ರಲ್ಲಿ ಶುರುವಾದ ಪರೀಕ್ಷೆ. ನಾನು ಆ ಫ್ರೀ ಡಬ್ಬಿ ತಂದ ವರ್ಷವೇ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ನೂರಕ್ಕೆ ಎಂಬತ್ತಾದರೂ ಯಂತ್ರಕ್ಕೆ ತಲುಪಬೇಕು, ಹೊರೆ ಐದನೇ ಒಂದು ಭಾಗ ಇದ್ದಾಗಲೂ, ಅರ್ಧ ಇದ್ದಾಗಲೂ, ಪೂರ್ತಿ ಇದ್ದಾಗಲೂ. ಬ್ರಾಂಜ್ ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂದುಕೋ. ಅದು ಉಳಿತಾಯದ ಗುರುತು, ಭದ್ರತೆಯ ಗುರುತಲ್ಲ. ಆದರೂ ಪೂರ್ತಿ ಹೊರೆ ಹೊತ್ತು ತೋರಿಸಬೇಕಾದ್ದರಿಂದ ಬರೀ ಚೀಟಿಯ ವಾಟುಗಳು ಅಲ್ಲಿ ನಡೆಯುವುದಿಲ್ಲ. ಭದ್ರತೆಗೆ ಬೇರೆ ಸರ್ಕ್ಯೂಟುಗಳಿರುತ್ತವೆ. ವೋಲ್ಟೇಜು ಏರಿದರೆ, ಶಾರ್ಟ್ ಆದರೆ, ವಿಪರೀತ ಬಿಸಿಯಾದರೆ ತಾನೇ ಆರಿಹೋಗುವ ಏರ್ಪಾಡು. ಗುರುಗಳ ಮೇಜಿನ ಮೇಲಿನ ಬಲ್ಬು ನೆನಪಿದೆಯಾ? ಒಳ್ಳೇ ಎಸ್‌ಎಂಪಿಎಸ್ಸು ಆ ಬಲ್ಬಿನ ಹಾಗೆ. ತೊಂದರೆ ಬಂದರೆ ತಾನು ತಡೆದು ಹಿಂದಿನದನ್ನು ಉಳಿಸುತ್ತದೆ. ಕೆಟ್ಟದ್ದು ತಾನೂ ಸುಟ್ಟು, ತನಗೆ ಅಂಟಿಕೊಂಡಿರುವ ಎಲ್ಲವನ್ನೂ ಸುಡುತ್ತದೆ. ಅಂಗಡಿಯಲ್ಲಿ ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡು. ಒಳಗೆ ತಾಮ್ರ, ಅಲ್ಯೂಮಿನಿಯಂ ಇದ್ದದ್ದು ಕೈಗೇ ಗೊತ್ತಾಗುತ್ತದೆ.

ಒಂದು ವೇಳೆ ಶನಿವಾರ ಅಲ್ಲಿ ಬೆಲೆಗಳು ನಿನ್ನ ಪಟ್ಟಿಗಿಂತ ಹೆಚ್ಚಾಗಿದ್ದರೆ? ಈಗ ರ‍್ಯಾಮ್ ಬೆಲೆ ಏರಿ ಕೂತಿದೆ. ಎಐ ಅಂತ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪುಗಳು ಹೋಗುತ್ತಿವೆ. ಹಾಗಾದಾಗ ಕೈ ಮೊದಲು ಎಸ್‌ಎಂಪಿಎಸ್ ಕಡೆ ಹೋಗುತ್ತದೆ, ಇದರಲ್ಲಿ ಒಂದೆರಡು ಸಾವಿರ ಕಡಿಮೆ ಮಾಡೋಣ ಅಂತ. ಹೋಗಗೊಡಬೇಡ. ಬೇಕಾದರೆ ಕಾರ್ಡನ್ನೇ ಮುಂದಕ್ಕೆ ಹಾಕು. 5600ರ ಬದಲು 5600ಜಿ ತಗೋ, ಅದರೊಳಗೇ ಚಿತ್ರ ಕೊಡುವ ಭಾಗವಿದೆ. ವ್ಯಾಲೊರಂಟ್ ಸದ್ಯಕ್ಕೆ ಅದರಲ್ಲೇ ನಡೆಯುತ್ತದೆ. ಮುಂದೆ ಕಾರ್ಡು ಹಾಕಿದಾಗ 5600ರಷ್ಟು ಚುರುಕಿರುವುದಿಲ್ಲ, ಅದರ ಕ್ಯಾಶ್ ಅರ್ಧ. ಆದರೂ ಆರು ತಿಂಗಳು ಪಾಠ ಹೇಳಿ ಕಾರ್ಡು ತಂದ ದಿನ, ಸಪ್ಲೈ ಅದನ್ನು ಹೊರಲು ಆಗಲೇ ಸಿದ್ಧವಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡಿನ ಆಸೆ ತೋರಿಸುವವರೂ ಇರುತ್ತಾರೆ. 2022ರ ತನಕ ಕ್ರಿಪ್ಟೊ ನಾಣ್ಯ ಗಣಿಗಾರಿಕೆಗೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಎಷ್ಟೋ ಮಾರುಕಟ್ಟೆಗೆ ಬಂದವು. ವಾರಂಟಿ ಉಳಿದಿಲ್ಲದ್ದನ್ನು ಮುಟ್ಟಬೇಡ.

ಮನೆಗೆ ತಂದ ಮೇಲೆ ಅವಸರಪಟ್ಟು ಆನ್ ಮಾಡಬೇಡ, ಭಾನುವಾರ ನಾನು ಮೀಟರು ಹಿಡಿದುಕೊಂಡು ಬರುತ್ತೇನೆ. ಹೋದ ಸಂಕ್ರಾಂತಿಗೆ ಬಂದಾಗ ನಿಮ್ಮ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಕೈ ಜುಮ್ಮೆಂದಿತ್ತು. ಅರ್ತಿಂಗ್ ಸರಿಯಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಅರ್ತ್ ಇಲ್ಲದಿದ್ದರೆ ಎಂಥ ಒಳ್ಳೇ ಎಸ್‌ಎಂಪಿಎಸ್ ಹಾಕಿದರೂ ಕಂಪ್ಯೂಟರಿನ ತಗಡು ಹಾಗೇ ಜುಮ್ಮೆನ್ನುತ್ತದೆ. ಒಳಗಿನ ಫಿಲ್ಟರು ಭೂಮಿಗೆ ಕಳಿಸಬೇಕಾದ್ದಕ್ಕೆ ದಾರಿ ಇರುವುದಿಲ್ಲ. ನಿಮ್ಮ ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಎಷ್ಟು ವರ್ಷವಾಯಿತೋ ನಿಮ್ಮಪ್ಪನನ್ನು ಕೇಳು. 600 ವಿಎ ಯುಪಿಎಸ್ ಒಂದು ನಮ್ಮಲ್ಲಿದೆ, 360 ವಾಟ್ ಕೊಡುತ್ತದೆ, ಹೊಸ ಬ್ಯಾಟರಿ ಹಾಕಿಸಿ ತರುತ್ತೇನೆ. ನಿನ್ನ ಹೊಸ ಸಪ್ಲೈಗೆ ಅದರ ಕರೆಂಟು ಒಗ್ಗುತ್ತದೋ ಇಲ್ಲವೋ ಅಲ್ಲೇ ನೋಡಿಬಿಡೋಣ. ಒಗ್ಗದಿದ್ದರೆ ಬೇರೆ ಯೋಚನೆ ಮಾಡೋಣ. ಗುಡುಗು ಶುರುವಾದರೆ ಮಾತ್ರ ಆಟ ಅರ್ಧದಲ್ಲಿದ್ದರೂ ಪ್ಲಗ್ಗನ್ನೇ ಕೀಳು.

ಆ ಹಳೇ ಡಬ್ಬಿ ಇನ್ನೂ ನನ್ನ ಡ್ರಾದಲ್ಲಿದೆ. ಇಪ್ಪತ್ತು ವರ್ಷದಿಂದ ಕರೆಂಟು ಕಂಡಿಲ್ಲ, ಮುಟ್ಟಿದರೆ ಏನೂ ಆಗುವುದಿಲ್ಲ. ಅದನ್ನೂ ತರುತ್ತೇನೆ, ಕಾಯಿಲ್ ಇರಬೇಕಾದ ಜಾಗದ ಆ ಎರಡು ತಂತಿಗಳನ್ನು ನೀನೇ ಕಣ್ಣಾರೆ ನೋಡು. ಹೊಸದನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡ ಮಗಳೇ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕಂಡೆನ್ಸರಿನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು.

ನಿಮ್ಮಪ್ಪ ಅಮ್ಮನಿಗೆ ನನ್ನ ನೆನಪು ಹೇಳು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ

ತಾ. ಕ.: ಬಚ್ಚಲ ಹಿಂದಿನ ಅರ್ತಿಂಗ್ ಗುಂಡಿಗೆ ಇವತ್ತಿನಿಂದಲೇ ದಿನಕ್ಕೆ ಎರಡು ಬಿಂದಿಗೆ ನೀರು ಹಾಕುತ್ತಿರು. ನಾನು ಬರುವ ಹೊತ್ತಿಗೆ ಮಣ್ಣು ನೆಂದಿರಲಿ.